ಒಂದು ಟಿಎಂಸಿ ಅಂದ್ರ ಎಷ್ಟ್ ಕೊಡ?

ಮಳೆಗಾಲ ಶುರುವಾದರೆ ನಮ್ಮ ಕಡೆ ಬೆಳಿಗ್ಗೆ ಫೋನ್ ತೆಗೆದ ಕೂಡಲೇ ಕಾಣುವ ಮೆಸೇಜು ಟಿ.ಬಿ. ಡ್ಯಾಮಿನದು. ಮಟ್ಟ ಇಷ್ಟು ಅಡಿ, ಸಂಗ್ರಹ ಇಷ್ಟು ಟಿಎಂಸಿ, ಒಳಹರಿವು ಇಷ್ಟು ಕ್ಯೂಸೆಕ್. ಎಲ್ಲರೂ ಓದುತ್ತಾರೆ, ಎಲ್ಲರೂ ಫಾರ್ವರ್ಡ್ ಮಾಡುತ್ತಾರೆ. ಗಂಗಾವತಿ ಹತ್ತಿರದ ಒಂದು ಚಾದಂಗಡಿಯಲ್ಲಿ ಕೂತು ನಾನು ಇದನ್ನೇ ಜೋರಾಗಿ ಓದುತ್ತಿದ್ದೆ. ಪಕ್ಕದಲ್ಲಿದ್ದ ಅಜ್ಜ ಕೇಳಿದರು: "ತಮ್ಮಾ, ಒಂದು ಟಿಎಂಸಿ ಅಂದ್ರ ಎಷ್ಟ್ ಕೊಡ?"

ನನಗೆ ಗೊತ್ತಿರಲಿಲ್ಲ. ನೀರಿನ ಸುದ್ದಿ ಎಷ್ಟೋ ಸಲ ಬರೆದಿದ್ದೆ, ಆದರೂ ಗೊತ್ತಿರಲಿಲ್ಲ.

ಮನೆಗೆ ಬಂದು ಲೆಕ್ಕ ಹಾಕಿದೆ. ಟಿಎಂಸಿ ಅಂದರೆ ಸಾವಿರ ಮಿಲಿಯನ್ ಘನ ಅಡಿ, ನಮ್ಮ ಎಣಿಕೆಯಲ್ಲಿ 100 ಕೋಟಿ ಘನ ಅಡಿ. ಉದ್ದ, ಅಗಲ, ಎತ್ತರ ಮೂರೂ ಒಂದೊಂದು ಅಡಿ ಇರುವ ಡಬ್ಬಿಯಲ್ಲಿ 28 ಲೀಟರಿಗಿಂತ ತುಸು ಹೆಚ್ಚು ನೀರು ಹಿಡಿಯುತ್ತದೆ. ನಮ್ಮ ಪ್ಲಾಸ್ಟಿಕ್ ಕೊಡದಲ್ಲಿ ಎರಡು ಕೊಡ ಅನ್ನಿ. ಹಾಗಾದರೆ ಒಂದು ಟಿಎಂಸಿ ಅಂದರೆ 200 ಕೋಟಿ ಕೊಡ. 2011ರ ಜನಗಣತಿಯಲ್ಲಿ ಕರ್ನಾಟಕದ ಜನ 6.11 ಕೋಟಿ. ಕೂಸಿನಿಂದ ಮುದುಕರ ತನಕ ಎಲ್ಲರಿಗೂ ಹಂಚಿದರೆ ತಲೆಗೆ 30 ಕೊಡ ದಾಟುತ್ತದೆ.

ಹೊಲದ ಲೆಕ್ಕ ಇನ್ನೂ ಸುಲಭ. ಒಂದು ಟಿಎಂಸಿ ನೀರು ಸುಮಾರು 23 ಸಾವಿರ ಎಕರೆಯಲ್ಲಿ ಒಂದಡಿ ನಿಲ್ಲುತ್ತದೆ. ಭತ್ತಕ್ಕೆ ನಾಟಿಯಿಂದ ಕಟಾವಿನ ತನಕ ಒಟ್ಟು ನಾಲ್ಕಡಿ ನೀರು ಬೇಕು ಅಂತ ಹಿಡಿದರೆ ಐದಾರು ಸಾವಿರ ಎಕರೆ. "ಬರೀ ಎರಡು ಟಿಎಂಸಿ ತಾನೇ" ಅಂತ ಯಾರಾದರೂ ವೇದಿಕೆ ಮೇಲೆ ಹೇಳಿದರೆ ಈ ಎಕರೆಗಳನ್ನು ನೆನಪಿಟ್ಟುಕೊಳ್ಳಿ.

ನಮ್ಮ ಹಿರಿಯರಿಗೆ ಈ ತೊಂದರೆ ಇರಲಿಲ್ಲ. ಮೈಸೂರು ಕಡೆ ನಾಲ್ಕು ಪಾವಿಗೆ ಒಂದು ಸೇರು, ಸೇರುಗಳು ಕೂಡಿ ಕೊಳಗ, 20 ಕೊಳಗಕ್ಕೆ ಒಂದು ಖಂಡುಗ. ಮುಷ್ಟಿಯಿಂದ ಹಿಡಿದು ಕಣಜದ ತನಕ ಪ್ರತಿ ಮೆಟ್ಟಿಲನ್ನೂ ಕಣ್ಣಿಂದ ನೋಡಬಹುದಿತ್ತು, ಕೈಯಿಂದ ಮುಟ್ಟಬಹುದಿತ್ತು. ಹೊಲವನ್ನೂ ಹಾಗೇ ಹೇಳುತ್ತಿದ್ದರು: ಇಷ್ಟು ಕೊಳಗ ಬಿತ್ತುವ ಹೊಲ, ಇಷ್ಟು ಖಂಡುಗದ ಗದ್ದೆ. ಹಳೆಯ ದಾನ ಶಾಸನಗಳಲ್ಲೂ ಇದೇ ಭಾಷೆ. ಆದರೆ ಒಂದು ಊರಿನ ಕೊಳಗ ಇನ್ನೊಂದು ಊರಿನದಕ್ಕೆ ಸಮ ಬರುತ್ತಿರಲಿಲ್ಲ. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಹೋದಲ್ಲೆಲ್ಲ ಅಲ್ಲಿಯ ಅಳತೆಯನ್ನು ಬೇರೆಯಾಗಿ ಬರೆದುಕೊಳ್ಳಬೇಕಾಯಿತು.

ಘನ ಅಡಿ ಬಂದದ್ದು ಬ್ರಿಟಿಷ್ ಎಂಜಿನಿಯರುಗಳ ಜೊತೆ. ಕಾಲುವೆಯಲ್ಲಿ ಒಂದು ಸೆಕೆಂಡಿಗೆ ಒಂದು ಘನ ಅಡಿ ಹರಿದರೆ ಅದು ಒಂದು ಕ್ಯೂಸೆಕ್. ಅಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಎರಡು ಕೊಡ. 1956ರ ಕಾಯ್ದೆಯಿಂದ ದೇಶಕ್ಕೆ ಮೆಟ್ರಿಕ್ ಬಂತು, ಸಂತೆಯಿಂದ ಸೇರು ಹೋಗಿ ಕಿಲೋ, ಲೀಟರು ಬಂದವು. ಅಣೆಕಟ್ಟು ಮಾತ್ರ ಬದಲಾಗಲಿಲ್ಲ. ರಾಜ್ಯಗಳ ಒಪ್ಪಂದ, ನ್ಯಾಯಮಂಡಳಿಯ ತೀರ್ಪು ಎಲ್ಲವೂ ಟಿಎಂಸಿಯಲ್ಲೇ ಬರೆದವು. 2018ರಲ್ಲಿ ಸುಪ್ರೀಂ ಕೋರ್ಟು ಕಾವೇರಿಯಲ್ಲಿ ಕರ್ನಾಟಕಕ್ಕೆ ಕೊಟ್ಟದ್ದೂ 284.75 ಟಿಎಂಸಿ ಅಂತಲೇ. ಹಾಲು ಲೀಟರಿನಲ್ಲಿ, ಹೊಳೆ ಅಡಿಯಲ್ಲಿ.

ಈಗ ತುಂಗಭದ್ರೆಗೆ ಬರೋಣ. 1945ರಲ್ಲಿ ಅಡಿಗಲ್ಲು ಹಾಕಿದಾಗ ಹೊಳೆಯ ಒಂದು ದಡ ಮದ್ರಾಸ್ ಪ್ರಾಂತ್ಯದ್ದು, ಇನ್ನೊಂದು ದಡ ಹೈದರಾಬಾದ್ ನಿಜಾಮರದು. 1953ರ ಹೊತ್ತಿಗೆ ನೀರು ನಿಂತಾಗ ಅದರ ಹೊಟ್ಟೆಯಲ್ಲಿ ಹತ್ತಿರ ಹತ್ತಿರ 133 ಟಿಎಂಸಿ ಹಿಡಿಯುತ್ತಿತ್ತು. 2016ರ ಸರ್ವೆಯಲ್ಲಿ ಸಿಕ್ಕಿದ್ದು 105.788. ಮಿಕ್ಕ ಜಾಗದಲ್ಲಿ ಹೂಳು ಕೂತಿದೆ. (2008ರ ಸರ್ವೆ 100.855 ಅಂದಿತ್ತು. ಎಂಟು ವರ್ಷದಲ್ಲಿ ಹೂಳು ತಾನಾಗಿ ಕರಗುವುದಿಲ್ಲ, ಅಳತೆಯೇ ಬೇರೆ ಬಂತು. ಎರಡು ಸರ್ವೆಗಳ ನಡುವಿನ ವ್ಯತ್ಯಾಸವೇ ಸಾವಿರ ಕೋಟಿ ಕೊಡದ ಹತ್ತಿರ. ಬುಕನನ್‌ನ ಕೊಳಗದ ಕಷ್ಟ ಇನ್ನೂ ತೀರಿಲ್ಲ.)

ಸುಮಾರು 27 ಟಿಎಂಸಿ ಹೂಳು. ಇದು ಕೊಡದ ಲೆಕ್ಕಕ್ಕೆ ಸಿಗುವುದಲ್ಲ, ಮಣ್ಣಿನ ಲೆಕ್ಕ ಬೇಕು. ಮರಳು, ಜಲ್ಲಿ ಹೊಡೆಸಿದವರಿಗೆಲ್ಲ ಬ್ರಾಸ್ ಗೊತ್ತು. ಒಂದು ಬ್ರಾಸ್ ಅಂದರೆ 100 ಘನ ಅಡಿ, ಸುಮಾರಾಗಿ ಒಂದು ಟ್ರ್ಯಾಕ್ಟರ್ ಟ್ರೇಲರ್. 27 ಟಿಎಂಸಿ ಅಂದರೆ 27 ಕೋಟಿ ಟ್ರೇಲರ್.

ದಿನಕ್ಕೆ ಸಾವಿರ ಟ್ರೇಲರ್, ವರ್ಷವಿಡೀ ಬಿಡುವಿಲ್ಲದೆ ಹೊಡೆದರೂ ಮುಗಿಯಲು 740 ವರ್ಷ ಬೇಕು. ಇಲ್ಲಿಂದ ಅಷ್ಟು ವರ್ಷ ಹಿಂದೆ ಹೋದರೆ ವಿಜಯನಗರ ಇನ್ನೂ ಹುಟ್ಟಿರಲಿಲ್ಲ.

ಹೆದರಿಸುವ ಸಂಖ್ಯೆ ಇದಕ್ಕಿಂತ ಇನ್ನೊಂದಿದೆ. 1953ರಿಂದ 2016ಕ್ಕೆ 63 ವರ್ಷ. 27 ಕೋಟಿಯನ್ನು ಅಷ್ಟು ದಿನಗಳಿಗೆ ಹಂಚಿದರೆ ದಿನಕ್ಕೆ 11 ಸಾವಿರ ಟ್ರೇಲರಿಗೂ ಹೆಚ್ಚು. ಹೂಳು ಬರುವುದು ಮಳೆಗಾಲದಲ್ಲೇ, ಇದು ಬರೀ ಸರಾಸರಿ, ಇರಲಿ. ಅಷ್ಟು ಮಣ್ಣನ್ನು ಪ್ರತಿದಿನ ಎತ್ತಿದರೆ ಡ್ಯಾಮು ಇದ್ದ ಹಾಗೇ ಇರುತ್ತದೆ. ಹಳೆಯ ಹೂಳು ಒಂದು ಪುಟ್ಟಿಯೂ ಕಡಿಮೆಯಾಗುವುದಿಲ್ಲ.

2017ರ ಬೇಸಿಗೆಯಲ್ಲಿ ಆಯಕಟ್ಟಿನ ರೈತರು ಸರ್ಕಾರವನ್ನು ಕಾಯದೆ ತಾವೇ ದುಡ್ಡು ಹಾಕಿ, ಜೆಸಿಬಿ, ಟ್ರ್ಯಾಕ್ಟರು ತಂದು ಹೂಳೆತ್ತಲು ಇಳಿದರು. ಅದನ್ನು ಹೂಳಿನ ಜಾತ್ರೆ ಅಂತ ಕರೆದರು. ಈ ಲೆಕ್ಕ ಹಾಕಿದ ಮೇಲೆ ಕೆಲವರು ಅದನ್ನು ನೋಡಿ ನಗಬಹುದು. ನನಗೆ ನಗು ಬರಲಿಲ್ಲ. ಎತ್ತಿದ ಮಣ್ಣು ಯಾರದೋ ಹೊಲಕ್ಕೆ ಗೊಬ್ಬರವಾಯಿತು, ಹೂಳು ಅನ್ನುವ ಮಾತು ಊರೂರಿಗೆ ತಲುಪಿತು. ಆದರೆ "ಹೂಳೆತ್ತಿಸಿ ಡ್ಯಾಮನ್ನು ಮೊದಲಿನಂತೆ ಮಾಡುತ್ತೇವೆ" ಅಂತ ಚುನಾವಣೆಯಲ್ಲಿ ಹೇಳುವವರನ್ನು ದಿನಕ್ಕೆ ಎಷ್ಟು ಟ್ರೇಲರ್, ಎಲ್ಲಿಗೆ ಸುರಿಯುತ್ತೀರಿ ಅಂತ ಕೇಳಲೇಬೇಕು. ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮಾನಾಂತರ ಜಲಾಶಯ ಕಟ್ಟುವ ಮಾತು ಎದ್ದದ್ದು ಈ ಲೆಕ್ಕದಿಂದಲೇ. ಅದಕ್ಕೂ ಹೊಲ ಮುಳುಗಬೇಕು, ಆ ಜಗಳ ಬೇರೆ.

ಹೂಳು ತಿಂದು ಉಳಿದ ನೀರಿಗೂ 2024ರ ಆಗಸ್ಟ್ 10ರ ರಾತ್ರಿ ಕಂಟಕ ಬಂತು. 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಆ ಒಂದೇ ಕಿಂಡಿಯಲ್ಲಿ 35 ಸಾವಿರ ಕ್ಯೂಸೆಕ್ ಅಂತ ಸುದ್ದಿ ಬಂತು. ಸೆಕೆಂಡಿಗೆ 70 ಸಾವಿರ ಕೊಡ, ದಿನಕ್ಕೆ ಮೂರು ಟಿಎಂಸಿ, ಅಂದರೆ ಹದಿನೈದು ಸಾವಿರ ಎಕರೆಗೂ ಹೆಚ್ಚಿನ ಭತ್ತದ ನೀರು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಕೂರಿಸಲು ಸುಮಾರು ಒಂದು ವಾರ ಹಿಡಿಯಿತು. ಮರುವರ್ಷ, 2025ರಲ್ಲಿ, ಗೇಟುಗಳ ಮೇಲೆ ಭರವಸೆ ಇಲ್ಲದೆ 80 ಟಿಎಂಸಿಗಿಂತ ಹೆಚ್ಚು ನಿಲ್ಲಿಸುವುದು ಬೇಡ ಅಂತ ತೀರ್ಮಾನವಾಯಿತು. ಹೂಳು 63 ವರ್ಷದಲ್ಲಿ ತಿಂದಷ್ಟೇ ಜಾಗವನ್ನು ಹಳೆಯ ಗೇಟುಗಳು ಒಂದೇ ಮಳೆಗಾಲದಲ್ಲಿ ಖಾಲಿ ಬಿಡಿಸಿದವು.

ಮುಂದಿನ ವಾರ ಅದೇ ಚಾದಂಗಡಿಗೆ ಹೋಗಿ ಅಜ್ಜನಿಗೆ 200 ಕೋಟಿ ಕೊಡ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ನಮ್ಮ ಕಾಲುವಿ ಟೇಲೆಂಡಿಗೆ ಅದ್ರಾಗ ಎಷ್ಟ್ ಕೊಡ ಬರ್ತಾವ?"