ಚಂದ್ರವಳ್ಳಿಯ ಚೀನಾ ಕಾಸು (ಭಾಗ 6)

ಚಳ್ಳಕೆರೆಯಿಂದ ಒಬ್ಬರು ಫೋಟೋ ಕಳಿಸಿ ಕೇಳಿದ್ರು: "ನಡುವೆ ಚೌಕ ತೂತು. ಚಂದ್ರವಳ್ಳಿ ಕಾಸಿನ ಥರವೇ ಅಲ್ವಾ? ಅಸಲಿಯಾ?"

ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಚೀನಾ ನಾಣ್ಯ ಸಿಕ್ಕಿದೆ. ಹಾನ್ ದೊರೆ ವು ಕಾಲದ್ದು, ಸುಮಾರು ಕ್ರಿ.ಪೂ. 138 ಅಂತ ಪುಸ್ತಕದಿಂದ ಪುಸ್ತಕಕ್ಕೆ ಬರೀತಾ ಬಂದಿದ್ದಾರೆ. ನನಗೆ ಆ ಇಸವಿ ಮೇಲೇ ಅನುಮಾನ. ಆ ದೊರೆಯ ಪ್ರಸಿದ್ಧ 'ವು ಝು' (ಐದು ಝು ತೂಕ) ಕಾಸು ಶುರುವಾಗಿದ್ದೇ ಕ್ರಿ.ಪೂ. 118ರಲ್ಲಿ. ಆಮೇಲೆ ಕ್ರಿ.ಶ. 621ರವರೆಗೆ ಬಂದ ಎಷ್ಟೋ ದೊರೆಗಳು ಅದೇ ಎರಡಕ್ಷರದ ಕಾಸು ಎರಕ ಹೊಯ್ಸಿದರು. ಅಕ್ಷರ ಓದಿದ ಮಾತ್ರಕ್ಕೆ ಕಾಲ ಸಿಗಲ್ಲ.

ಹೌದು, ಎರಕ! ರೋಮನ್ ಬೆಳ್ಳಿ ನಾಣ್ಯದಲ್ಲಿ ಎರಕದ ಗುಳ್ಳೆ ಕಂಡ್ರೆ ನಕಲಿ ಅಂತ ಅನುಮಾನ ಪಡ್ತೀವಿ. ಇಲ್ಲಿ ಆ ಪರೀಕ್ಷೆ ನಡೆಯಲ್ಲ, ಅಸಲಿಯೂ ಎರಕದ್ದೇ.

ಗಟ್ಟಿ ಸಾಕ್ಷಿ ಅಂದ್ರೆ ಸಿಕ್ಕ ಮಣ್ಣಿನ ಪದರ. 1947ರಲ್ಲಿ ವೀಲರ್ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನೂ ಚಂದ್ರವಳ್ಳಿಯನ್ನೂ ಪದರ ಪದರವಾಗಿ ಅಗೆಸಿದರು. ಚಂದ್ರವಳ್ಳಿಯಲ್ಲಿ ಸಿಕ್ಕ ತಿಬೇರಿಯಸ್‌ನ ನಾಣ್ಯ ಅಲ್ಲಿನ ಮಡಕೆ ಚೂರುಗಳ ಕಾಲ ಹೇಳಿತು; ಅಂಥದೇ ಚೂರುಗಳಿಂದ ಬ್ರಹ್ಮಗಿರಿಯ ಲೆಕ್ಕಕ್ಕೂ ದಾರಿಯಾಯ್ತು.

ನಿಮ್ಮದು ಸಂತೆಯಲ್ಲಿ ಕೊಂಡಿದ್ದಾ, ಹೊಲದಲ್ಲಿ ಸಿಕ್ಕಿದ್ದಾ? ಹೊಲದ್ದಾದ್ರೆ ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಆ ಹಸಿರು ಕಿಲುಬೂ ಸಾಕ್ಷಿಯೇ. ಸಿಕ್ಕ ಜಾಗ, ತೂಕ ಬರೆದು ಕಳಿಸಿ.