ಸಹಾಯಾರ್ಥ ಪ್ರದರ್ಶನದಿಂದ ನೇರಪ್ರಸಾರದ ಆಟದವರೆಗೆ: ಒಂದು ವಿವೇಚನೆ

ಬೆಂಗಳೂರಿನ ಸಾರ್ವಜನಿಕ ಜೀವನವನ್ನು ಕುರಿತು ಬರೆಯುವವರು ಸಭೆ, ಸಂಘ, ಪತ್ರಿಕೆಗಳಿಗೆ ಕೊಟ್ಟಷ್ಟು ಗಮನವನ್ನು ಸತ್ಕಾರ್ಯಗಳ ಸಹಾಯಕ್ಕಾಗಿ ಏರ್ಪಟ್ಟ ವಿನೋದಗಳಿಗೆ ಕೊಟ್ಟಂತೆ ತೋರುವುದಿಲ್ಲ. ಈ ಪರಂಪರೆಗೆ ನಮ್ಮ ಕಾಲದಲ್ಲಿ ಹೊಸದೊಂದು ಕೊಂಬೆ ಒಡೆದಿದೆ. ಗಣಕಯಂತ್ರದ ತೆರೆಯ ಮೇಲೆ ಆಡುವ ಆಟವನ್ನು ಅಂತರಜಾಲದ ಮೂಲಕ ನೇರವಾಗಿ ಪ್ರಸಾರಮಾಡಿ, ನೋಡುವವರಿಂದ ದಾನವನ್ನು ಸಂಗ್ರಹಿಸುವ ಕ್ರಮವೇ ಅದು. ಇಂಥ ಪ್ರಸಾರವನ್ನು ಏರ್ಪಡಿಸುವವರ ಮುಖ್ಯ ಹೊಣೆ ಯಾವುದು ಎಂಬುದನ್ನು ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಮೊದಲು ನಮಗೆ ಪರಿಚಿತವಾದ ಎರಡು ಪದ್ಧತಿಗಳನ್ನು ನೆನೆಯಬಹುದು. ಒಂದು, ನಾಟಕ ಕಂಪೆನಿಗಳ ಹಾಗೂ ಹವ್ಯಾಸಿ ಸಂಘಗಳ ಸಹಾಯಾರ್ಥ ಪ್ರದರ್ಶನ. ಇಲ್ಲಿ ಟಿಕೆಟಿನ ಹಣವೇ ದಾನ. ಹಣ ಕೊಡದವನಿಗೆ ಒಳಗೆ ಪ್ರವೇಶವಿಲ್ಲ. ಎರಡನೆಯದು, ರಾಮನವಮಿಯ ಸಂಗೀತೋತ್ಸವ. ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಳಿಯು ೧೯೩೯ರಿಂದ ಇದನ್ನು ನಡೆಸಿಕೊಂಡು ಬಂದಿದೆ, ಎನ್.ಆರ್. ಕಾಲೋನಿಯ ಶ್ರೀರಾಮಮಂದಿರದಲ್ಲಿಯೂ ರಾಮನವಮಿಗೆ ಗಾಯನ ಕೇಳಿಬರುತ್ತದೆ. ಇಂಥ ಉತ್ಸವದಲ್ಲಿ ಚಪ್ಪರದೊಳಗೆ ಕುಳಿತವನಿಗೂ ಬೀದಿಯ ಅಂಚಿನಲ್ಲಿ ನಿಂತವನಿಗೂ ಒಂದೇ ರಾಗ ಮುಟ್ಟುತ್ತದೆ. ಹೊರಗೆ ನಿಂತು ಕೇಳಿದವನು ಕಾಣಿಕೆ ಹಾಕಿದರೆ, ಅದು ಕೇಳಿದುದರ ಬೆಲೆಯಲ್ಲ. ನಡೆಸುವವರಲ್ಲಿ ಅವನಿಗಿರುವ ನಂಬಿಕೆಯ ಗುರುತು. ನೇರಪ್ರಸಾರದ ಆಟವು ಈ ಎರಡನೆಯ ಪದ್ಧತಿಗೆ ಹತ್ತಿರವಾದುದು. ಅದಕ್ಕೆ ಬಾಗಿಲೂ ಇಲ್ಲ, ಬಾಗಿಲು ಕಾಯುವವನೂ ಇಲ್ಲ.

ಇದರ ಸಂಘಟಿತ ರೂಪವು ಅಮೆರಿಕದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ೨೦೧೦ರ ಜನವರಿಯಲ್ಲಿ ಮೇರಿಲೆಂಡಿನ ಮನೆಯೊಂದರ ನೆಲಮಾಳಿಗೆಯಲ್ಲಿ ಕೆಲವರು ಗೆಳೆಯರು ಕೂಡಿ, ಹಳೆಯ ವಿಡಿಯೊ ಆಟಗಳನ್ನು ಅತಿ ಶೀಘ್ರವಾಗಿ ಮುಗಿಸುವ ತಮ್ಮ ಕೌಶಲವನ್ನು ಹಗಲಿರುಳು ಪ್ರಸಾರಮಾಡಿ, ‘ಕೇರ್’ ಸಂಸ್ಥೆಗಾಗಿ ೧೦,೦೦೦ ಡಾಲರುಗಳಿಗೂ ಮಿಕ್ಕು ಹಣ ಕೂಡಿಸಿದರು. ‘ಗೇಮ್ಸ್ ಡನ್ ಕ್ವಿಕ್’ ಎಂಬ ಹೆಸರಿನ ವಾರ್ಷಿಕ ಕಾರ್ಯಕ್ರಮಗಳು ಹುಟ್ಟಿದುದು ಹೀಗೆ. ಇವುಗಳ ಏರ್ಪಾಟಿನಲ್ಲಿ ಎರಡು ಅಂಶಗಳು ಗಮನಾರ್ಹ. ಮೊದಲನೆಯದಾಗಿ, ದಾನದ ಹಣವು ಆಟಗಾರರ ಕೈಗೆ ಬಾರದೆ ಗೊತ್ತುಮಾಡಿದ ಧರ್ಮಸಂಸ್ಥೆಗೇ ನೇರವಾಗಿ ಸಲ್ಲುತ್ತದೆ. ಎರಡನೆಯದಾಗಿ, ದಾನಿಯು ಆಟದಲ್ಲಿ ಪಾಲುಗಾರನಾಗುತ್ತಾನೆ: ಪಾತ್ರಕ್ಕೆ ಯಾವ ಹೆಸರಿಡಬೇಕು, ಯಾವ ಹಾದಿ ಹಿಡಿಯಬೇಕು ಎಂಬುದು ಕೂಡಿದ ಹಣದಿಂದ ತೀರ್ಮಾನವಾಗುತ್ತದೆ.

ನಮ್ಮ ದೇಶದಲ್ಲಿ ಕೋವಿಡ್ ಪಿಡುಗಿನ ಎರಡನೆಯ ಅಲೆ ಈ ಕ್ರಮಕ್ಕೆ ಸಂದರ್ಭವನ್ನು ಒದಗಿಸಿತು. ಜನ ಮನೆಬಿಟ್ಟು ಹೊರಡಲಾರದಿದ್ದ ಕಾಲದಲ್ಲಿ ತೆರೆಯೇ ಸಭಾಮಂಟಪವಾಯಿತು. ಚದುರಂಗವು ವಿಡಿಯೊ ಆಟವಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ಆಟಗಾರರು ಬೇರೆಬೇರೆ ಊರುಗಳಲ್ಲಿ ಕುಳಿತು ತೆರೆಯ ಮೇಲೆ ಕಾಯಿಗಳನ್ನು ನಡೆಸಿ, ಅದನ್ನು ಸಾವಿರಾರು ಮಂದಿ ಏಕಕಾಲದಲ್ಲಿ ನೋಡುವಾಗ, ಏರ್ಪಾಟಿನ ದೃಷ್ಟಿಯಿಂದ ಭೇದವೇನೂ ಉಳಿಯುವುದಿಲ್ಲ. ೨೦೨೧ರ ಮೇ ೧೩ರಂದು ವಿಶ್ವನಾಥನ್ ಆನಂದ್, ಕೊನೇರು ಹಂಪಿ, ಡಿ. ಹಾರಿಕಾ, ನಿಹಾಲ್ ಸರಿನ್, ಆರ್. ಪ್ರಜ್ಞಾನಂದ ಇವರು ಸಾಮಾನ್ಯ ಆಟಗಾರರೊಡನೆ ಪರಿಹಾರನಿಧಿಗಾಗಿ ಆಡಿದರು. ಆನಂದರ ಎದುರು ಕೂರಲು ೧೫೦ ಡಾಲರು, ಉಳಿದವರ ಎದುರು ೨೫ ಡಾಲರು ದಾನವೆಂದು ಗೊತ್ತಾಗಿದ್ದಿತು. ಮರುತಿಂಗಳು, ಜೂನ್ ೧೩ರಂದು, ಆನಂದರು ಪ್ರಸಿದ್ಧ ವ್ಯಕ್ತಿಗಳೊಡನೆ ಆಡಿದರು. ಎದುರಾಳಿಗಳಲ್ಲಿ ಆಮೀರ್ ಖಾನ್, ಯಜುವೇಂದ್ರ ಚಾಹಲ್, ಕನ್ನಡದ ನಟ ಕಿಚ್ಚ ಸುದೀಪ್, ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತ್ ಮೊದಲಾದವರಿದ್ದರು. ಈ ಸಲದ ದಾನವು ಅಕ್ಷಯಪಾತ್ರ ಪ್ರತಿಷ್ಠಾನಕ್ಕೆ ಮೀಸಲು. ೨೦೦೦ದ ಜೂನಿನಲ್ಲಿ ಬೆಂಗಳೂರಿನ ಐದು ಶಾಲೆಗಳ ೧,೫೦೦ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸುವುದರೊಂದಿಗೆ ಆರಂಭವಾದ ಸಂಸ್ಥೆ ಅದು. ಹೀಗಾಗಿ ಆ ಪ್ರಸಾರವು ನಮ್ಮ ನಗರದ ಚರಿತ್ರೆಗೂ ಸೇರತಕ್ಕುದು.

ಆ ದಿನದ ಆಟಗಳಲ್ಲಿ ಐದು ಬಾರಿ ವಿಶ್ವವಿಜೇತರಾದ ಆನಂದರನ್ನು ಕಾಮತರು ಸೋಲಿಸಿದರು. ನೋಡಿದವರು ಬೆರಗಾದರು. ಮರುದಿನ ಕಾಮತರೇ, ತಮಗೆ ಆಟವನ್ನು ವಿಶ್ಲೇಷಿಸುತ್ತಿದ್ದವರ ಮತ್ತು ಗಣಕಯಂತ್ರದ ನೆರವು ದೊರೆತಿತ್ತೆಂದು ಬಹಿರಂಗವಾಗಿ ಒಪ್ಪಿಕೊಂಡು, ವಿನೋದಕ್ಕಾಗಿ ಮತ್ತು ದಾನಕ್ಕಾಗಿ ಆಡಿದ ಆಟ ಇದೆಂದು ಹೇಳಿ, ಕ್ಷಮೆ ಕೇಳಿದರು. ಹಲಗೆಯ ಮೇಲಿದ್ದ ಸ್ಥಿತಿಯನ್ನು ನೋಡಿ ತಾವು ಆಡಿದುದಾಗಿಯೂ ಇತರರಿಂದಲೂ ಅದನ್ನೇ ನಿರೀಕ್ಷಿಸಿದುದಾಗಿಯೂ ಆನಂದರು ತಿಳಿಸಿದರು. ಆಟ ನಡೆದ ಜಾಲತಾಣವು ಕಾಮತರ ಖಾತೆಯನ್ನು ಮುಚ್ಚಿ, ಅನಂತರ ಮತ್ತೆ ತೆರೆಯಿತು.

ವ್ಯಕ್ತಿದೂಷಣೆ ನಮ್ಮ ಉದ್ದೇಶವಲ್ಲ. ತಪ್ಪನ್ನು ಮರುದಿನವೇ ಒಪ್ಪಿಕೊಂಡುದನ್ನು ಮರೆಯಲಾಗದು. ಅಲ್ಲದೆ ಇದು ನಮ್ಮಲ್ಲಿ ಮಾತ್ರ ನಡೆದ ಸಂಗತಿಯೂ ಅಲ್ಲ. ಮೇಲೆ ಹೇಳಿದ ‘ಗೇಮ್ಸ್ ಡನ್ ಕ್ವಿಕ್’ನ ೨೦೨೨ರ ಬೇಸಿಗೆಯ ಕಾರ್ಯಕ್ರಮದಲ್ಲಿ ಆಟಗಾರನೊಬ್ಬನು, ಮೊದಲೇ ಮುದ್ರಿಸಿ ತುಂಡುತುಂಡಾಗಿ ಜೋಡಿಸಿದ ಆಟವನ್ನು ಆಗಲೇ ಆಡುತ್ತಿರುವಂತೆ ತೋರಿಸಿದುದು ಬಯಲಾಗಿ, ಸಂಸ್ಥೆಯು ಅವನನ್ನು ಬಹಿಷ್ಕರಿಸಬೇಕಾಯಿತು.

ಇಂಥ ಪ್ರಸಂಗಗಳಲ್ಲಿ ಕೇಳಿಬರುವ ಸಮಾಧಾನ ಒಂದೇ: ಹಣವಂತೂ ಬಡವರಿಗೆ ಮುಟ್ಟಿತಲ್ಲವೆ? ಮಗುವಿನ ಎಲೆಗೆ ಬಿದ್ದ ಅನ್ನದಲ್ಲಿ ಆಟದ ಕಪಟದ ರುಚಿ ಇರುವುದೆ? ಈ ವಾದಕ್ಕೆ ಬಲವಿಲ್ಲದಿಲ್ಲ. ಆದರೆ ಇದು ಅಂದಿನ ದಾನಕ್ಕೆ ಮಾತ್ರ ಉತ್ತರವಾಗುತ್ತದೆ. ನಾಳಿನ ದಾನಕ್ಕೆ ಆಗದು. ನಾಟಕದಲ್ಲಿ ನಟನು ರಾಜನಲ್ಲವೆಂಬುದು ಪ್ರೇಕ್ಷಕನಿಗೆ ಮೊದಲೇ ಗೊತ್ತು. ಆದುದರಿಂದ ಅಲ್ಲಿ ವಂಚನೆಯಿಲ್ಲ. ಆಟದ ಪ್ರಸಾರದಲ್ಲಿ ತನ್ನ ಮುಂದೆ ನಡೆಯುತ್ತಿರುವುದು ನಿಜವೆಂದೇ ಪ್ರೇಕ್ಷಕನು ತಿಳಿಯುತ್ತಾನೆ. ಟಿಕೆಟಿಲ್ಲದ ಈ ಮಂಟಪದಲ್ಲಿ ಅವನನ್ನು ಕೊಡುವಂತೆ ಮಾಡುವುದು ಆ ತಿಳಿವಳಿಕೆಯೇ. ಆಟವನ್ನು ಒಮ್ಮೆ ಸಂಶಯಿಸಿದವನು ಮುಂದಿನ ಸಲ ಲೆಕ್ಕವನ್ನೂ ಸಂಶಯಿಸುವನು. ಆಗ ನಷ್ಟಕ್ಕೆ ಗುರಿಯಾಗುವವನು ಆಟಗಾರನಲ್ಲ, ಎಲೆಯ ಮುಂದೆ ಕುಳಿತ ಮಗು.

ಎನ್.ಆರ್. ಕಾಲೋನಿಗೆ ಈ ಪಾಠ ಹೊಸದಲ್ಲ. ಡಿ.ವಿ. ಗುಂಡಪ್ಪನವರು ೧೯೪೫ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯು ಇಲ್ಲಿಯೇ, ಬುಲ್ ಟೆಂಪಲ್ ರಸ್ತೆಯಲ್ಲಿದೆ. ೧೯೭೦ರಲ್ಲಿ ಸನ್ಮಾನಪೂರ್ವಕವಾಗಿ ತಮಗೆ ಅರ್ಪಿತವಾದ ನಿಧಿಯನ್ನು ಅವರು ಆ ಸಂಸ್ಥೆಗೇ ಒಪ್ಪಿಸಿದರು. ಸಾರ್ವಜನಿಕರ ಹಣವು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದು ಎಲ್ಲರಿಗೂ ಕಾಣುವಂತಿರಬೇಕೆಂಬ ನೀತಿ ಅದರಲ್ಲಿ ಅಡಗಿದೆ.

ಈ ವಿವೇಚನೆಯಿಂದ ಮೂರು ಅಂಶಗಳು ಸಿದ್ಧವಾಗುತ್ತವೆ. ದಾನವು ಏರ್ಪಡಿಸುವವರ ಕೈ ಹಾಯದೆ ಪಡೆಯತಕ್ಕವರಿಗೆ ನೇರವಾಗಿ ಸಲ್ಲಬೇಕು. ಒಟ್ಟು ಮೊತ್ತವನ್ನೂ ವೆಚ್ಚವನ್ನೂ ಕಾರ್ಯಕ್ರಮ ಮುಗಿದೊಡನೆ ಪ್ರಕಟಿಸಬೇಕು. ಆಟವು ಆಗಲೇ ಆಡುತ್ತಿರುವುದೊ, ಮುದ್ರಿತವೊ, ಯಂತ್ರದ ನೆರವಿನದೊ ಎಂಬುದನ್ನು ಮೊದಲೇ ಸಾರಬೇಕು. ನೆರವು ಪಡೆದು ಆಡಿದರೂ ಬಾಧಕವಿಲ್ಲ, ಅದನ್ನು ಮುಚ್ಚಿಡದಿದ್ದರೆ ಸಾಕು. ಮೊದಲೆರಡು ನಿಯಮಗಳನ್ನು ಹಿಂದಿನವರೂ ಬಲ್ಲರು. ಮೂರನೆಯದನ್ನು ಮಾತ್ರ ನಮ್ಮ ಕಾಲ ಸೇರಿಸಬೇಕಾಗಿದೆ.