ವರ್ಚುವಲ್ ಯಂತ್ರಗಳಲ್ಲಿ ಪ್ರೊಸೆಸರ್ ಮಿತಿ ಹಾಗೂ ತಂತ್ರಾಂಶ ಪರವಾನಗಿ: ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲ್ಲೂಕುಗಳ ಸಂಘ-ಸಂಸ್ಥೆಗಳಿಗೆ ಮಾಹಿತಿ

ಹಿನ್ನೆಲೆ

ಕಂದಾಯ ಇಲಾಖೆಯ "ಭೂಮಿ" ಯೋಜನೆಯಡಿ 2000ದ ದಶಕದ ಆರಂಭದಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಯಿತು. ಆ ಕಾಲದಲ್ಲಿ 177 ತಾಲ್ಲೂಕುಗಳ ದತ್ತಾಂಶವು ಆಯಾ ತಾಲ್ಲೂಕು ಕಚೇರಿಯ ಸರ್ವರ್‌ನಲ್ಲಿಯೇ ಇರುತ್ತಿತ್ತು. ಬಂಟ್ವಾಳ ಹಾಗೂ ಬೆಳ್ತಂಗಡಿಯ ರೈತರು ತಮ್ಮ ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿ ಶುಲ್ಕ ಪಾವತಿಸಿ ಪಹಣಿ ಪಡೆಯುತ್ತಿದ್ದರು. ಮೂಡುಬಿದಿರೆಯು ಆಗ ಮಂಗಳೂರು ತಾಲ್ಲೂಕಿನ ಹೋಬಳಿಯಾಗಿತ್ತು. ಒಂದು ಕಚೇರಿಗೆ ಒಂದು ಯಂತ್ರ, ಒಂದು ಯಂತ್ರಕ್ಕೆ ಒಂದು ಪರವಾನಗಿ ಎಂಬ ಸರಳ ಲೆಕ್ಕ ಆಗ ಸಾಕಾಗುತ್ತಿತ್ತು.

ಕಾಲಕ್ರಮೇಣ ಭೂದಾಖಲೆಗಳು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ವರ್ಗಾವಣೆಗೊಂಡವು. ಒಂದು ಭೌತಿಕ ಸರ್ವರ್‌ನೊಳಗೆ ಹಲವು "ವರ್ಚುವಲ್ ಯಂತ್ರ"ಗಳನ್ನು ನಡೆಸುವ ಪದ್ಧತಿಯೂ ಈ ಅವಧಿಯಲ್ಲಿ ಬಳಕೆಗೆ ಬಂದಿತು. ಪ್ರಸ್ತುತ ಸೇವಾ ಸಹಕಾರಿ ಸಂಘಗಳು, ಶಾಲಾ-ಕಾಲೇಜುಗಳು ಹಾಗೂ ನಾಗರಿಕ ಸೇವಾ ಕೇಂದ್ರ ನಡೆಸುವವರು ಸಹ ಲೆಕ್ಕಪತ್ರ, ದತ್ತಾಂಶ ಮತ್ತು ಕಡತಗಳಿಗೆ ಪ್ರತ್ಯೇಕ ವರ್ಚುವಲ್ ಯಂತ್ರಗಳನ್ನು ಒಂದೇ ಸರ್ವರ್‌ನಲ್ಲಿ ಇರಿಸಿಕೊಳ್ಳಬಹುದಾಗಿದೆ. ಆದರೆ ಪರವಾನಗಿಯ ಲೆಕ್ಕ ಮೊದಲಿನಷ್ಟು ಸರಳವಾಗಿ ಉಳಿದಿಲ್ಲ.

ಸಾಕೆಟ್, ಕೋರ್ ಮತ್ತು ವರ್ಚುವಲ್ ಪ್ರೊಸೆಸರ್

ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಸ್ಥಾನಕ್ಕೆ ಸಾಕೆಟ್ ಎಂದು ಹೆಸರು. ಒಂದು ಪ್ರೊಸೆಸರ್‌ನೊಳಗೆ ಅನೇಕ ಕೋರ್‌ಗಳಿರುತ್ತವೆ. ವರ್ಚುವಲ್ ಯಂತ್ರಕ್ಕೆ ನೀಡುವ ವರ್ಚುವಲ್ ಪ್ರೊಸೆಸರ್‌ಗಳು ಸಾಕೆಟ್‌ಗಳೆಂದು ತೋರಬೇಕೆ ಅಥವಾ ಕೋರ್‌ಗಳೆಂದು ತೋರಬೇಕೆ ಎಂಬುದನ್ನು ಯಂತ್ರವನ್ನು ಸಿದ್ಧಪಡಿಸುವವರು ನಿಗದಿಪಡಿಸಬಹುದು. ಹೆಚ್ಚಿನ ತೊಂದರೆಗಳ ಮೂಲ ಇದೇ ಆಗಿದೆ.

ಉದಾಹರಣೆಗೆ, ವಿಂಡೋಸ್ 10ರ ಹೋಮ್ ಆವೃತ್ತಿಯು 1 ಸಾಕೆಟ್ಟನ್ನು ಹಾಗೂ ಪ್ರೊ ಆವೃತ್ತಿಯು 2 ಸಾಕೆಟ್‌ಗಳನ್ನು ಮಾತ್ರ ಬಳಸುತ್ತದೆ. ಹಿಂದಿನ ವಿಂಡೋಸ್ ಎಕ್ಸ್‌ಪಿಯಲ್ಲಿಯೂ ಹೋಮ್ ಮತ್ತು ಪ್ರೊಫೆಷನಲ್ ಆವೃತ್ತಿಗಳಿಗೆ ಇದೇ ಮಿತಿ ಇತ್ತು. ಪ್ರೊ ಆವೃತ್ತಿಯ ವರ್ಚುವಲ್ ಯಂತ್ರಕ್ಕೆ 4 ಪ್ರೊಸೆಸರ್‌ಗಳನ್ನು 4 ಸಾಕೆಟ್‌ಗಳಾಗಿ ನೀಡಿದರೆ ಎರಡು ಮಾತ್ರ ಕೆಲಸ ಮಾಡುತ್ತವೆ, ಉಳಿದೆರಡು ನಿರುಪಯುಕ್ತ. ಅದನ್ನೇ 1 ಸಾಕೆಟ್, 4 ಕೋರ್ ಎಂದು ಬದಲಾಯಿಸಿದಲ್ಲಿ ನಾಲ್ಕೂ ಬಳಕೆಗೆ ಬರುತ್ತವೆ. ಇದು ಪರವಾನಗಿಯ ಉಲ್ಲಂಘನೆಯಲ್ಲ. ಮಿತಿ ಇರುವುದು ಸಾಕೆಟ್‌ಗಳ ಸಂಖ್ಯೆಗೆ.

ಉಚಿತವಾಗಿ ದೊರೆಯುವ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಆವೃತ್ತಿಯಲ್ಲಿ ಈ ಅಂಶ ಇನ್ನೂ ಮುಖ್ಯವಾಗುತ್ತದೆ. ಸದರಿ ಆವೃತ್ತಿಯು 1 ಸಾಕೆಟ್ ಅಥವಾ 4 ಕೋರ್, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಮಾತ್ರ ಬಳಸುತ್ತದೆ. 4 ಸಾಕೆಟ್‌ಗಳ ವರ್ಚುವಲ್ ಯಂತ್ರದಲ್ಲಿ ಅದಕ್ಕೆ ಸಿಗುವುದು ಒಂದೇ ಕೋರ್. ತಿಂಗಳ ಕೊನೆಯಲ್ಲಿ ಸಂಘದ ತಂತ್ರಾಂಶ ನಿಧಾನವಾಗುತ್ತಿದೆಯೆಂದು ಹೊಸ ಸರ್ವರ್ ಖರೀದಿಗೆ ಠರಾವು ಮಾಡುವ ಮೊದಲು ಈ ವಿನ್ಯಾಸವನ್ನು ಪರಿಶೀಲಿಸುವುದು ಸೂಕ್ತ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್ ವಿಭಾಗವನ್ನು ತೆರೆದಲ್ಲಿ ಸಾಕೆಟ್ ಹಾಗೂ ಪ್ರೊಸೆಸರ್‌ಗಳ ಸಂಖ್ಯೆ ಕಾಣುತ್ತದೆ.

ಶುಲ್ಕದ ಲೆಕ್ಕ

ಬಹುಕೋರ್ ಪ್ರೊಸೆಸರ್‌ಗಳು ಬಂದಾಗ, ಕೋರ್‌ಗಳನ್ನು ಲೆಕ್ಕಿಸದೆ ಪ್ರೊಸೆಸರ್‌ಗೊಂದು ಪರವಾನಗಿ ಸಾಕು ಎಂದು ಮೈಕ್ರೋಸಾಫ್ಟ್ ಸಂಸ್ಥೆಯು 2004ರಲ್ಲಿ ಪ್ರಕಟಿಸಿತ್ತು. ಆ ಸೌಲಭ್ಯ ಮುಂದುವರಿಯಲಿಲ್ಲ. ಎಸ್‌ಕ್ಯೂಎಲ್ ಸರ್ವರ್ 2012ರಿಂದ ಹಾಗೂ ವಿಂಡೋಸ್ ಸರ್ವರ್ 2016ರಿಂದ ಕೋರ್ ಆಧಾರಿತ ಲೆಕ್ಕ ಜಾರಿಯಲ್ಲಿದೆ.

ವಿಂಡೋಸ್ ಸರ್ವರ್‌ಗೆ ಪ್ರತಿ ಪ್ರೊಸೆಸರ್‌ಗೆ ಕನಿಷ್ಠ 8, ಪ್ರತಿ ಸರ್ವರ್‌ಗೆ ಕನಿಷ್ಠ 16 ಕೋರ್‌ಗಳ ಪರವಾನಗಿ ಪಡೆಯಬೇಕು. ಆದುದರಿಂದ 8 ಕೋರ್‌ಗಳ ಒಂದೇ ಪ್ರೊಸೆಸರ್ ಇರುವ ಸಣ್ಣ ಸರ್ವರ್‌ಗೂ 16 ಕೋರ್‌ಗಳ ಶುಲ್ಕ ಅನ್ವಯಿಸುತ್ತದೆ. ಭೌತಿಕ ಸರ್ವರ್‌ನ ಲೆಕ್ಕದಲ್ಲಿ ಪಡೆದ ಸ್ಟ್ಯಾಂಡರ್ಡ್ ಆವೃತ್ತಿಯಲ್ಲಿ 2 ವರ್ಚುವಲ್ ಯಂತ್ರಗಳಿಗೆ ಅವಕಾಶವಿದೆ. ಮೂರನೆಯದಕ್ಕೆ ಮತ್ತೊಮ್ಮೆ ಎಲ್ಲಾ ಕೋರ್‌ಗಳಿಗೂ ಪರವಾನಗಿ ಪಡೆಯಬೇಕು. ಆಗ ಒಟ್ಟು 4 ಯಂತ್ರಗಳನ್ನು ನಡೆಸಬಹುದು. ಸರ್ವರ್ ಬಳಸುವ ಸಿಬ್ಬಂದಿ ಅಥವಾ ಗಣಕಯಂತ್ರಗಳಿಗೆ ಪ್ರತ್ಯೇಕ ಪ್ರವೇಶ ಪರವಾನಗಿಯೂ ಅಗತ್ಯ. ದರಪಟ್ಟಿಗಳಲ್ಲಿ ಈ ಕೊನೆಯ ಬಾಬ್ತು ಬಿಟ್ಟುಹೋಗದಂತೆ ನೋಡಿಕೊಳ್ಳತಕ್ಕದ್ದು.

ಎಸ್‌ಕ್ಯೂಎಲ್ ಸರ್ವರ್‌ನ ಕೋರ್ ಪರವಾನಗಿಯಲ್ಲಿ ಪ್ರತಿ ವರ್ಚುವಲ್ ಯಂತ್ರಕ್ಕೆ ಕನಿಷ್ಠ 4 ಕೋರ್‌ಗಳನ್ನು ಲೆಕ್ಕ ಹಾಕಲಾಗುತ್ತದೆ. ಯಂತ್ರಕ್ಕೆ ಎರಡನ್ನೇ ನೀಡಿದ್ದರೂ ಶುಲ್ಕ ನಾಲ್ಕಕ್ಕೆ. ಒರಾಕಲ್ ಸಂಸ್ಥೆಯ ನಿಲುವು ಮತ್ತಷ್ಟು ಬಿಗಿ. ವಿಎಂವೇರ್‌ನಂತಹ ತಂತ್ರಾಂಶದಿಂದ ಮಾಡಿದ ವಿಭಜನೆಯನ್ನು ಅದು ಪರಿಗಣಿಸುವುದಿಲ್ಲ. ವರ್ಚುವಲ್ ಯಂತ್ರ ಎಷ್ಟೇ ಚಿಕ್ಕದಿದ್ದರೂ ಭೌತಿಕ ಸರ್ವರ್‌ನ ಪೂರ್ಣ ಲೆಕ್ಕವನ್ನು ಕೇಳುತ್ತದೆ. ವಿಎಂವೇರ್ ಸಂಸ್ಥೆಯನ್ನು 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಖರೀದಿಸಿದ ನಂತರ ಶಾಶ್ವತ ಪರವಾನಗಿಗಳ ಮಾರಾಟ ನಿಂತು, ಕೋರ್ ಆಧಾರಿತ ಚಂದಾ ಪದ್ಧತಿ ಬಂದಿದೆ. ಹಳೆಯ ಅಂದಾಜುಪಟ್ಟಿಯನ್ನು ನಂಬಿ ಆಯವ್ಯಯ ಸಿದ್ಧಪಡಿಸಬಾರದು.

ಸಿಡಿಲು, ನೆರೆ ಮತ್ತು 90 ದಿನಗಳ ನಿಯಮ

ಘಟ್ಟದ ತಪ್ಪಲಿನ ಈ ಭಾಗದಲ್ಲಿ ಮುಂಗಾರುಪೂರ್ವ ಸಿಡಿಲಿನಿಂದ ವಿದ್ಯುನ್ಮಾನ ಉಪಕರಣಗಳು ಹಾಳಾಗುವುದು ಅಪರೂಪವಲ್ಲ. 2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿ ತಾಲ್ಲೂಕಿನ ಹಲವು ಗ್ರಾಮಗಳು ಪ್ರವಾಹಕ್ಕೆ ತುತ್ತಾದವು. ನೇತ್ರಾವತಿ ದಡದ ಬಂಟ್ವಾಳ ಪೇಟೆಗೆ ನೆರೆ ಹೊಸತೇನಲ್ಲ. ವರ್ಚುವಲ್ ಯಂತ್ರವನ್ನು ಒಂದು ಕಡತದಂತೆ ನಕಲಿಸಿ ಬೇರೆ ಸರ್ವರ್‌ನಲ್ಲಿ ಆರಂಭಿಸಬಹುದಾದ್ದರಿಂದ ಇಲ್ಲಿ ಅದರ ಉಪಯೋಗ ಅಧಿಕ.

ಆದರೆ ಯಂತ್ರ ಹೋದ ಕಡೆಗೆಲ್ಲ ಪರವಾನಗಿ ತಾನಾಗಿ ಹಿಂಬಾಲಿಸುವುದಿಲ್ಲ. ವಿಂಡೋಸ್ ಸರ್ವರ್ ಪರವಾನಗಿಯನ್ನು ಒಂದು ಸರ್ವರ್‌ಗೆ ಗೊತ್ತುಪಡಿಸಿದ ಮೇಲೆ ಸಾಮಾನ್ಯವಾಗಿ 90 ದಿನಗಳೊಳಗೆ ಮತ್ತೊಂದಕ್ಕೆ ವರ್ಗಾಯಿಸುವಂತಿಲ್ಲ. ಯಂತ್ರಾಂಶ ಶಾಶ್ವತವಾಗಿ ಕೆಟ್ಟಲ್ಲಿ ಇದಕ್ಕೆ ವಿನಾಯಿತಿ ಇದೆ. ಸಿಡಿಲು ಬಡಿದು ಸರ್ವರ್ ಸುಟ್ಟುಹೋದಲ್ಲಿ ದುರಸ್ತಿಗಾರರಿಂದ ಲಿಖಿತ ವರದಿ ಪಡೆದು ಕಡತದಲ್ಲಿ ಇರಿಸುವುದರಿಂದ ಮುಂದಿನ ತಪಾಸಣೆಯಲ್ಲಿ ವಾದಕ್ಕೆ ಎಡೆಯಿರುವುದಿಲ್ಲ. ಹೊಸ ಗಣಕಯಂತ್ರದೊಂದಿಗೇ ಬರುವ ಒಇಎಂ ಪರವಾನಗಿಯು ಆ ಯಂತ್ರಕ್ಕೇ ಸೀಮಿತವಾಗಿದ್ದು, ಯಂತ್ರದೊಂದಿಗೇ ಮುಗಿಯುತ್ತದೆ.

ಕಾನೂನು

ಗಣಕಯಂತ್ರ ತಂತ್ರಾಂಶವು ಕೃತಿಸ್ವಾಮ್ಯ ಅಧಿನಿಯಮ, 1957ರ ವ್ಯಾಪ್ತಿಗೆ ಬರುತ್ತದೆ. ಅಕ್ರಮ ಪ್ರತಿಯೆಂದು ತಿಳಿದೂ ಬಳಸಿದಲ್ಲಿ ಕಲಂ 63ಬಿ ಅನ್ವಯ 7 ದಿನಗಳಿಂದ 3 ವರ್ಷಗಳವರೆಗೆ ಕಾರಾವಾಸ ಹಾಗೂ 50,000 ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಲಾಭಕ್ಕಾಗಿ ಅಥವಾ ವ್ಯಾಪಾರದ ಸಲುವಾಗಿ ಬಳಸಿಲ್ಲವೆಂದು ಕಂಡುಬಂದಲ್ಲಿ ನ್ಯಾಯಾಲಯವು ಕಾರಾವಾಸವನ್ನು ಕೈಬಿಟ್ಟು 50,000 ರೂಪಾಯಿ ಮೀರದ ದಂಡ ವಿಧಿಸಲು ಅವಕಾಶವಿದೆ. ಕ್ರಮಬದ್ಧವಾಗಿ ಪಡೆದ ತಂತ್ರಾಂಶದ ರಕ್ಷಣಾ ಪ್ರತಿ ಇರಿಸಿಕೊಳ್ಳಲು ಕಲಂ 52ರಲ್ಲಿ ಅನುಮತಿ ಇದೆ. ಆದರೆ ಆ ಪ್ರತಿಯನ್ನು ಎರಡನೆಯ ಯಂತ್ರವಾಗಿ ದಿನನಿತ್ಯ ನಡೆಸುವುದು ರಕ್ಷಣಾ ಪ್ರತಿ ಎನಿಸುವುದಿಲ್ಲ.

ಪ್ರೊಸೆಸರ್ ಲೆಕ್ಕವೇ ಬೇಡವೆನ್ನುವವರಿಗೆ ಮುಕ್ತ ತಂತ್ರಾಂಶದ ಮಾರ್ಗವಿದೆ. 2007ರಿಂದ ಲಿನಕ್ಸ್‌ನ ಭಾಗವಾಗಿರುವ ಕೆವಿಎಂ ಹಾಗೂ ಪೋಸ್ಟ್‌ಗ್ರೆಸ್ ದತ್ತಾಂಶ ತಂತ್ರಾಂಶದ ಪರವಾನಗಿಗಳಲ್ಲಿ ಸಾಕೆಟ್ ಅಥವಾ ಕೋರ್‌ಗಳ ಮಿತಿ ಇಲ್ಲ. ಕೇಂದ್ರ ಸರ್ಕಾರವು 2015ರಲ್ಲಿ ತನ್ನ ಕಚೇರಿಗಳಿಗಾಗಿ ಮುಕ್ತ ತಂತ್ರಾಂಶ ನೀತಿಯನ್ನು ಹೊರಡಿಸಿದೆ. ಗಮನಿಸತಕ್ಕ ಅಂಶವೆಂದರೆ, ಕೆವಿಎಂ ಮೇಲೆ ವಿಂಡೋಸ್ ಸರ್ವರ್ ನಡೆಸಿದಲ್ಲಿ ಮೇಲೆ ತಿಳಿಸಿದ ಕೋರ್ ಲೆಕ್ಕ ಯಥಾವತ್ತಾಗಿ ಅನ್ವಯಿಸುತ್ತದೆ.

ದರಪಟ್ಟಿ ಆಹ್ವಾನಿಸುವಾಗ ಸರ್ವರ್‌ನ ಸಾಕೆಟ್ ಮತ್ತು ಕೋರ್‌ಗಳ ಸಂಖ್ಯೆ, ನಡೆಸಲಿರುವ ವರ್ಚುವಲ್ ಯಂತ್ರಗಳ ಸಂಖ್ಯೆ ಹಾಗೂ ಬಳಕೆದಾರರ ಸಂಖ್ಯೆಯನ್ನು ಬರವಣಿಗೆಯಲ್ಲಿ ನೀಡಿ, ಪ್ರತಿ ಪರವಾನಗಿಯ ಆವೃತ್ತಿಯನ್ನು ಬಿಲ್ಲಿನಲ್ಲಿ ನಮೂದಿಸುವಂತೆ ಮಾರಾಟಗಾರರನ್ನು ಕೋರಬೇಕು. ಸಹಕಾರಿ ಸಂಘಗಳು ಸದರಿ ಬಿಲ್ಲು ಮತ್ತು ಪರವಾನಗಿ ಪತ್ರವನ್ನು ವಾರ್ಷಿಕ ಲೆಕ್ಕಪರಿಶೋಧನೆಯ ಕಡತದಲ್ಲಿ ಇರಿಸತಕ್ಕದ್ದು.